ಸೆಲೀನಳ ದ್ವೀಪದಲ್ಲಿ ಬಿರುಗಾಳಿಗೆ ಕಾಯುತ್ತ

ನಾನು ಹೋಗಿಬಂದ ದೇಶದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡವೆಂದು ಸೆಲೀನ್ ಕೇಳಿಕೊಂಡಿದ್ದಾಳೆ. ನಾನು ಹೋದಾಗ ಅವಳು ಆ ದೇಶದ ಪ್ರಧಾನಿ. 'ಅವರು ಕೇಳಿಕೊಂಡಿದ್ದಾರೆ' ಎಂದೇ ಬರೆಯಬೇಕಿತ್ತು. ಆದರೆ ಕೃಷಿ ಕಾಲೇಜಿನ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದು, ಒಂದೇ ಬಕೆಟ್ ಬಿಸಿನೀರಿನಲ್ಲಿ ಇಬ್ಬರೂ ತಲೆ ತೊಳೆದುಕೊಂಡ ಮೇಲೆ ಬಹುವಚನ ನಾಲಿಗೆಗೆ ಹತ್ತುವುದಿಲ್ಲ.

ಶಾಂತಸಾಗರದ ನಡುವೆ ಅಲ್ಲೊಂದು ಇಲ್ಲೊಂದು ಚೆಲ್ಲಿದಂತಿರುವ ದ್ವೀಪಗಳೇ ಅವಳ ದೇಶ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಜನವೆಲ್ಲ ಅಲ್ಲಿಗೆ ಹೋಗಿ ನಿಂತರೆ ಅಲ್ಲಿಯವರಿಗೆ ಕಾಲಿಡಲು ಜಾಗ ಉಳಿಯುವುದಿಲ್ಲ. ನಾನು ಹೊನ್ನಾಳಿಯಲ್ಲಿ ಮನೆ ಮಾಡಿಕೊಂಡು, ನ್ಯಾಮತಿಯಲ್ಲಿ ಯಜಮಾನರ ಜೊತೆ ಬೀಜ-ಗೊಬ್ಬರದ ಅಂಗಡಿ ನಡೆಸುವವಳು. ಹುಟ್ಟು ಹೆದರುಪುಕ್ಕಲಿ. ಶಿವಮೊಗ್ಗದ ಬಸ್ಸು ಹತ್ತಿದರೂ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಚಿಂತೆ ಬಸ್ಸಿನಿಂದ ಇಳಿಯುವವರೆಗೂ ಬಿಡುವುದಿಲ್ಲ. ಅಂಥವಳು ವಿಮಾನದಿಂದ ವಿಮಾನಕ್ಕೆ ಬದಲಾಯಿಸುತ್ತ ಒಬ್ಬಳೇ ಅಷ್ಟು ದೂರ ಹೋದೆನೆಂದರೆ ಅದಕ್ಕೆ ಅವಳು ಫೋನಿನಲ್ಲಿ ಹೇಳಿದ ಒಂದು ಮಾತು ಕಾರಣ. "ಒಂದ್ಸಲ ಬಂದು ಹೋಗೇ ಗಿರಿಜಾ. ಈ ಕುರ್ಚಿ ಇನ್ನೆಷ್ಟು ದಿನ ಇರ್ತೈತೋ ಗೊತ್ತಿಲ್ಲ."

ವಿಮಾನ ನಿಲ್ದಾಣ

ಇಳಿದ ಕೂಡಲೇ ಸಿಕ್ಕಿಬಿದ್ದೆ. ಸುಂಕದ ಅಧಿಕಾರಿ ನನ್ನ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ಹೊರತೆಗೆದು, ಮುಚ್ಚಳ ಬಿಚ್ಚಿ ಮೂಸಿ, ಸೀನಿದ. ಮತ್ತೆ ಮೂಸಿ ಮತ್ತೆ ಸೀನಿದ.

"ಯಾರ ಮನೆಗೆ ಬಂದಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಿಮ್ಮ ಪ್ರಧಾನಿಯವರ ಮನೆಗೆ."

ಅವನು ಪೆನ್ನು ಕೆಳಗಿಟ್ಟು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ನೂಲಿನ ಸೀರೆ, ಕ್ಯಾನ್ವಾಸ್ ಬೂಟು, ಕೈಯಲ್ಲಿ ಗೊಬ್ಬರ ಕಂಪನಿಯವರು ಕೊಟ್ಟ ಚೀಲ. ಗೋಡೆಯ ಬದಿಯ ಬೆಂಚಿನಲ್ಲಿ ಕೂರಿಸಿ ಒಳಗೆ ಹೋದ. ನನ್ನ ಜೊತೆ ಬಂದವರೆಲ್ಲ ಹೊರಟುಹೋದರು. ಫೋನಿಗೆ ಸಿಗ್ನಲ್ ಇಲ್ಲ. ಕಸ ಗುಡಿಸುತ್ತಿದ್ದ ಹೆಂಗಸನ್ನು, "ನನ್ನನ್ನು ವಾಪಸ್ ಕಳಿಸುತ್ತಾರಾ?" ಎಂದು ಕೇಳಿದೆ. ಅವಳು ಎರಡೂ ಹುಬ್ಬು ಮೇಲೇರಿಸಿ ಸುಮ್ಮನಾದಳು. ಆಶ್ಚರ್ಯಪಟ್ಟಳೆಂದು ತಿಳಿದೆ. ಆ ದೇಶದಲ್ಲಿ ಹುಬ್ಬು ಏರಿಸಿದರೆ 'ಹೌದು' ಎಂದು ಅರ್ಥವಂತೆ. ಆಗಲೇ ಗೊತ್ತಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಕೊನೆಗೆ ಸೆಲೀನಳೇ ಬಂದಳು. ಹವಾಯಿ ಚಪ್ಪಲಿ, ಹೂವಿನ ಚಿತ್ತಾರದ ಅಂಗಿ, ಕೂದಲು ಪೂರಾ ಬಿಳಿ. ಹಿಂದೆ ಒಬ್ಬನೇ ಒಬ್ಬ ಪೊಲೀಸಿನವನು. "ಏನೇ, ಬಂದ ದಿನಾನೇ ಪೊಲೀಸ್ರ ಕೈಗೆ ಸಿಕ್ಕೊಂಡೀಯ" ಎಂದು ತಬ್ಬಿಕೊಂಡಳು. ಅಷ್ಟು ವರ್ಷಗಳ ಮೇಲೆ, ಭೂಮಿಯ ಇನ್ನೊಂದು ಬದಿಯಲ್ಲಿ, ಅಪ್ಪಟ ಚನ್ನಗಿರಿ ಸೀಮೆಯ ಕನ್ನಡ.

ಅಧಿಕಾರಿ ಒಳಗಿನಿಂದ ಬಂದು ಕ್ಷಮೆ ಕೇಳಿದ. ಚಟ್ನಿಪುಡಿಯನ್ನು ಮಾತ್ರ ಕೊಡಲಿಲ್ಲ. ನಾನು ಸೆಲೀನಳ ಮುಖ ನೋಡಿದೆ.

"ಅದು ಬರಾಕಿಲ್ಲ ಬಿಡು" ಎಂದಳು. "ಹೊರಗಿನ ಬೀಜ, ಕಾಳು ಒಳಗೆ ಬಿಡಬಾರದು ಅಂತ ಕಾನೂನು ಮಾಡಿದೋಳೇ ನಾನು, ಕೃಷಿ ಮಂತ್ರಿ ಆಗಿದ್ದಾಗ. ಹೊರಗಿನ ಹುಳ ಬಂದ್ರೆ ನಮ್ಮ ಕೆಸುವಿನ ಗಡ್ಡೆ ಉಳಿಯಂಗಿಲ್ಲ."

ಪ್ರಧಾನಿಯ ಅತಿಥಿಯ ಚಟ್ನಿಪುಡಿ ಸುಂಕದ ಕಟ್ಟೆಯಲ್ಲೇ ಉಳಿಯಿತು. ನಮ್ಮ ಕಡೆ ಗ್ರಾಮ ಪಂಚಾಯಿತಿ ಸದಸ್ಯರ ನೆಂಟರ ಬೈಕನ್ನು ತಡೆಯುವುದಕ್ಕೇ ಪೊಲೀಸರು ಹಿಂದೆಮುಂದೆ ನೋಡುತ್ತಾರೆ.

ಪ್ರಧಾನಿಯ ಅಡುಗೆಮನೆ

ಅವಳ ಸರ್ಕಾರಿ ಮನೆ ನಮ್ಮ ತಹಸೀಲ್ದಾರರ ವಸತಿಗೃಹಕ್ಕಿಂತ ದೊಡ್ಡದೇನಲ್ಲ. ಬಾಗಿಲಿಗೆ ಅಗಳಿ ಹಾಕುವ ರೂಢಿ ಊರಲ್ಲಿ ಯಾರಿಗೂ ಇಲ್ಲ. ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಇಣುಕಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ನನಗೆ ಇದು ನೆಮ್ಮದಿ ಕೊಡಲಿಲ್ಲ. ಯಾರು ಒಳಗೆ ಬರುತ್ತಾರೋ ಎಂದು ಪಾಸ್‌ಪೋರ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದೆ.

ಅವಳು ಮೀನು ಹುರಿಯುತ್ತ, ನನಗೆಂದು ಬೇರೆ ಬಾಣಲೆಯಲ್ಲಿ ಬಾಳೆಕಾಯಿ ಹುರಿಯುತ್ತ ಮಾತಾಡಿದಳು. ಅವಳ ಕಥೆ ನನಗೆ ಅರ್ಧ ಗೊತ್ತಿತ್ತು. ಓದಲು ವಿದ್ಯಾರ್ಥಿವೇತನದ ಮೇಲೆ ನಮ್ಮ ದೇಶಕ್ಕೆ ಬಂದವಳು. ಅವಳ ಅಧ್ಯಯನದ ವಿಷಯ ಚೌಳು ಮಣ್ಣು, ಅಂದರೆ ಉಪ್ಪು ಮೇಲೆದ್ದು ಬೆಳೆ ಸುಡುವ ಮಣ್ಣು. ಭದ್ರಾ ನಾಲೆಯ ಕೊನೆಯಂಚಿನಲ್ಲಿದ್ದ ನನ್ನ ತವರು, ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಗದ್ದೆಯಲ್ಲಿ ಅಂಥ ಮಣ್ಣಿತ್ತು. ಎರಡು ಬೆಳೆಯ ಕಾಲ ನಮ್ಮ ಮನೆಯಲ್ಲೇ ಇದ್ದು, ಬೆಳಗಾದರೆ ಮಣ್ಣಿನ ಮಾದರಿ ತೆಗೆಯುವ ಕೊಳವೆ ಹಿಡಿದು ಗದ್ದೆಗಿಳಿಯುತ್ತಿದ್ದಳು. ನಮ್ಮಮ್ಮ 'ಸೆಲೀನ್' ಎನ್ನಲು ಬಾರದೆ 'ಶೈಲಾ' ಎಂದು ಕರೆದಳು, ಊರೆಲ್ಲ ಅವಳನ್ನು ಶೈಲಮ್ಮ ಎಂದಿತು. ಸೂಳೆಕೆರೆಯ ಏರಿಯ ಮೇಲೆ ನಿಲ್ಲಿಸಿದ ದಿನ ಅವಳು ನೀರನ್ನು ಬೆರಳಿನಿಂದ ನಾಲಿಗೆಗೆ ಹಚ್ಚಿಕೊಂಡು, "ಸಪ್ಪಗೈತೆ, ಪುಣ್ಯವಂತ್ರು ನೀವು" ಎಂದಿದ್ದಳು.

ಉಳಿದರ್ಧವನ್ನು ಈಗ ಕೇಳಿದೆ. ತನ್ನ ದೇಶಕ್ಕೆ ಮರಳಿದ ಮೇಲೆ ಕೃಷಿ ಇಲಾಖೆ ಸೇರಿ, ಕರಾವಳಿಯ ಊರುಗಳ ಮಣ್ಣನ್ನು ವರ್ಷವರ್ಷವೂ ಅಳೆದಳು. ಬಾವಿಗಳಿಗೆ ಸಮುದ್ರ ಒಳಗಿಂದೊಳಗೇ ಬರುತ್ತಿತ್ತು. ಎಲ್ಲಕ್ಕಿಂತ ತಗ್ಗಿನಲ್ಲಿದ್ದದ್ದು ಅವಳ ಹುಟ್ಟೂರೇ. ವರದಿ ಬರೆದಳು, ಮತ್ತೆ ಬರೆದಳು. ಒಬ್ಬ ಮಂತ್ರಿ, "ನೀವು ಅಳೆಯಿರಿ ಡಾಕ್ಟರ್, ಏನು ಮಾಡಬೇಕೆಂದು ನಾವು ನೋಡಿಕೊಳ್ಳುತ್ತೇವೆ" ಎಂದರಂತೆ. ಅಂದೇ ಕೆಲಸ ಬಿಟ್ಟಳು. ಮೊದಲ ಚುನಾವಣೆಯಲ್ಲಿ ಸೋತು, ಎರಡನೆಯದರಲ್ಲಿ ಗೆದ್ದು, ಕೃಷಿ ಮಂತ್ರಿಯಾದಳು. ಆಮೇಲೆ ಜಗಳವಾಡುತ್ತಿದ್ದ ಎರಡು ಪಕ್ಷಗಳಿಗೂ ಒಪ್ಪಿಗೆಯಾಗುವ ಹೆಸರು ಇವಳದೊಂದೇ ಆಗಿ, ಪ್ರಧಾನಿಯ ಕುರ್ಚಿಗೆ ಬಂದು ಕೂತಳು.

"ವಿಜ್ಞಾನದೋಳು ಕುರ್ಚಿಗೆ ಬಂದ್ರೆ ಚೆನ್ನಾಗಿರ್ತೈತೆ ಅಂದ್ಕೊಂಡಿದ್ದೆ ಕಣೇ" ಎಂದಳು. "ಲ್ಯಾಬಿನಾಗೆ ಗೊತ್ತಾಗಲಿಲ್ಲ ಅಂದ್ರೆ ಇನ್ನೂ ನೋಡಬೇಕು ಅಂತ ಬರೀಬೋದು. ಇಲ್ಲಿ ಹಂಗೆ ಬರಿಯಾಕಾಗಲ್ಲ. ಇವತ್ತೇ ಹೂಂ ಅನ್ಬೇಕು, ಇಲ್ಲಾ ಉಹ್ಞೂಂ ಅನ್ಬೇಕು."

ಹೀಗೆಂದು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಸಮುದ್ರದ ನಕ್ಷೆಯ ಕಡೆ ನೋಡಿದಳು. ಅದರ ಮೂಲೆಯಲ್ಲಿ ಪೆನ್ಸಿಲಿನ ಒಂದು ಸುಳಿ. ಬಿರುಗಾಳಿಯೊಂದು ಹುಟ್ಟಿ ಇತ್ತ ಹೊರಟಿತ್ತು. ನಾನು ಬಾಳೆಕಾಯಿ ತಟ್ಟೆಯಲ್ಲೇ ಬಿಟ್ಟೆ.

ಮರುದಿನ, ಊಟದ ಮೇಜು

ಬೆಳಿಗ್ಗೆ ಅಡುಗೆಮನೆಯ ಮೇಜಿನ ಸುತ್ತ ಮಂತ್ರಿಗಳ, ಅಧಿಕಾರಿಗಳ ಸಭೆ ಸೇರಿತು. ನಾನು ಎದ್ದುಹೋಗಲು ನೋಡಿದರೆ ಸೆಲೀನ್ ಕೈಹಿಡಿದು ಕೂರಿಸಿದಳು. ಅವರ ಮಾತು ಇಂಗ್ಲಿಷಿನಲ್ಲಿದ್ದುದರಿಂದ ನನಗೆ ತಿಳಿಯಿತು.

ವಿಷಯ ಇಷ್ಟು. ಹಿಂದಿನ ತಿಂಗಳೂ ಒಂದು ಬಿರುಗಾಳಿಯ ಸೂಚನೆ ಬಂದಿತ್ತು. ಸೆಲೀನ್ ತಗ್ಗಿನ ಊರುಗಳನ್ನೆಲ್ಲ ಖಾಲಿ ಮಾಡಿಸಿ, ಗುಡ್ಡದ ಮೇಲಿನ ಶಾಲೆಗಳಲ್ಲಿ ಜನರನ್ನು ಇಟ್ಟಿದ್ದಳು. ಗಾಳಿ ಬೇರೆ ದಿಕ್ಕಿಗೆ ತಿರುಗಿಹೋಯಿತು. ಜನ ವಾಪಸ್ ಹೋದಾಗ ಬಿಟ್ಟುಬಂದ ಹಂದಿಗಳು ಕೆಸುವಿನ ತೋಟಗಳನ್ನು ಅಗೆದು ತಿಂದಿದ್ದವು. ಸಿಟ್ಟಾದ ಜನ ಅವಳಿಗೆ 'ಗಾಳಿ ಪ್ರಧಾನಿ' ಎಂದು ಹೆಸರಿಟ್ಟರು. ವಿರೋಧ ಪಕ್ಷದವರು ಅವಿಶ್ವಾಸ ನಿರ್ಣಯ ತಂದರು. ಅದರ ಮೇಲೆ ಮತ ಹಾಕುವ ದಿನ ಇದೇ ವಾರದ ಕೊನೆಗಿತ್ತು.

ಹವಾಮಾನ ಇಲಾಖೆಯ ಮುಖ್ಯಸ್ಥ ಮೆಲುಮಾತಿನ ಮನುಷ್ಯ. "ಬರಬಹುದು. ಉತ್ತರಕ್ಕೆ ತಿರುಗಲೂಬಹುದು. ಎರಡಕ್ಕೂ ಸಮ ಸಮ ಸಾಧ್ಯತೆ ಇದೆ ಮೇಡಂ" ಎಂದರು.

ಅವಳ ಪಕ್ಷದ ಹಿರಿಯನೊಬ್ಬ ಮೇಜಿನ ಮೇಲೆ ಬಾಗಿ, "ನಾಳೆಯವರೆಗೆ ಕಾಯೋಣ. ಇನ್ನೊಂದು ಸಲ ಎಬ್ಬಿಸಿ ಗಾಳಿ ಬರದಿದ್ದರೆ ನಮ್ಮವರೇ ನಿಮ್ಮ ವಿರುದ್ಧ ಮತ ಹಾಕುತ್ತಾರೆ" ಎಂದ.

"ನಾಳೆ ತಿಳಿದರೆ ಎಲ್ಲರನ್ನೂ ಗುಡ್ಡ ಹತ್ತಿಸಲು ಸಮಯ ಇರುತ್ತಾ?" ಎಂದು ಸೆಲೀನ್ ಕೇಳಿದಳು.

ಅವಳು ನಕ್ಷೆಯನ್ನು ಬಹಳ ಹೊತ್ತು ನೋಡಿದಳು. ಕೆರೆಬಿಳಚಿಯ ಪಡಸಾಲೆಯಲ್ಲಿ ಮಣ್ಣಿನ ಬಟ್ಟಲುಗಳನ್ನು ಸಾಲಾಗಿಟ್ಟುಕೊಂಡು ಹೀಗೆಯೇ ಕೂರುತ್ತಿದ್ದಳು. ಆಗ ಅವಳ ಮುಖದಲ್ಲಿ ಕುತೂಹಲವಿತ್ತು. ಈಗ ಕೆಳದುಟಿ ಅದುರುತ್ತಿತ್ತು. "ಇವತ್ತೇ ಖಾಲಿ ಮಾಡಿಸಿ" ಎಂದಳು. ಹಿರಿಯ ಟೋಪಿ ತೆಗೆದುಕೊಂಡು ಹೊರಟುಹೋದ.

ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕುಡಿಯಾಕೆ ಏನಾದ್ರೂ ಮಾಡಿಕೊಡೇ" ಎಂದಳು. ನಾನು ನಿಂಬೆಹಣ್ಣು ಹುಡುಕಿ ಶರಬತ್ತು ಮಾಡಿಕೊಟ್ಟೆ.

ತಗ್ಗಿನ ಊರು

ಮಧ್ಯಾಹ್ನಕ್ಕೆ ಅವಳ ಹುಟ್ಟೂರಿನಿಂದ ಸುದ್ದಿ ಬಂತು. ಕಳಿಸಿದ ಬಸ್ಸುಗಳು ಖಾಲಿ ನಿಂತಿವೆ, ಒಬ್ಬರೂ ಹತ್ತುತ್ತಿಲ್ಲ. ದೋಣಿ ಕಟ್ಟುವ ಪಾಲ್ ಬೇಡವೆಂದಿದ್ದಾನೆ, ಅವನು ಹತ್ತದೆ ಯಾರೂ ಹತ್ತುವುದಿಲ್ಲ. ಪಾಲ್ ಬೇರೆ ಯಾರೂ ಅಲ್ಲ, ಸೆಲೀನಳ ಅಣ್ಣ. ಅಪ್ಪ ಸಮುದ್ರದಲ್ಲಿ ತೀರಿಕೊಂಡ ಮೇಲೆ ಅವನೇ ದೋಣಿ ಕಟ್ಟಿ ತಂಗಿಯನ್ನು ಓದಿಸಿದ್ದು.

ವ್ಯಾನು ಅವಳೇ ಓಡಿಸಿದಳು. ಒಂದು ಬದಿಗೆ ಸಮುದ್ರ, ಒಂದು ಬದಿಗೆ ತೆಂಗಿನ ಮರಗಳ ಬರೀ ಕಂಬ. ಉಪ್ಪು ಕುಡಿದು ತಲೆ ಉದುರಿದ್ದವು. ಗಾಳಿಯೇ ಇರಲಿಲ್ಲ. ಎಲೆಯೂ ಅಲುಗದ ಅಂಥ ಸೆಕೆಯನ್ನು ನಾನು ಬೇಸಿಗೆಯ ಜಗಳೂರಿನಲ್ಲೂ ಕಂಡಿಲ್ಲ. ಸಮುದ್ರದ ಬಣ್ಣ ಸೀಸದಂತಾಗಿತ್ತು. "ಹಿಂದಕ್ಕೆ ಹೋಗೋಣ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಪಾಲ್ ದೊಡ್ಡ ಆಳು. ಅರ್ಧ ಕಟ್ಟಿದ ದೋಣಿಯ ಪಕ್ಕದಲ್ಲಿ ಕೂತು ಹಲಗೆ ಉಜ್ಜುತ್ತಿದ್ದ. ಊರವರು ಸುತ್ತ ನಿಂತಿದ್ದರು. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಆಡಿದ್ದನ್ನು ಜೊತೆಯಲ್ಲಿದ್ದ ಪೊಲೀಸಿನವನು ನನ್ನ ಕಿವಿಯಲ್ಲಿ ಹೇಳುತ್ತ ಹೋದ.

"ಗಾಳಿ ಬರುತ್ತದೆಂದು ನಿನಗೆ ಗೊತ್ತಾ?" ಪಾಲ್ ತಲೆಯೆತ್ತದೆ ಕೇಳಿದ.

"ಗೊತ್ತಿಲ್ಲ."

ಜನ ನಕ್ಕರು. 'ಗೊತ್ತು' ಎಂದು ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು? ನಮ್ಮ ಕಡೆಯ ಯಾವ ಪುಢಾರಿಯೂ ಅಲ್ಲಿ 'ಗೊತ್ತಿಲ್ಲ' ಎನ್ನುತ್ತಿರಲಿಲ್ಲ.

"ಗೊತ್ತಿಲ್ಲದೆ ನಮ್ಮನ್ನು ಎರಡನೆಯ ಸಲ ಎಬ್ಬಿಸುತ್ತೀಯಾ?"

"ಹೌದು. ಬಂದರೆ ಇಲ್ಲಿ ಈ ದೋಣಿಯ ಎತ್ತರಕ್ಕೆ ನೀರು ನಿಲ್ಲುತ್ತದೆ. ಅದು ನನಗೆ ಗೊತ್ತು. ನಾನೇ ಅಳೆದಿದ್ದೇನೆ."

ಪಾಲ್ ದೋಣಿಯ ಅಂಚನ್ನು ಒಮ್ಮೆ ನೋಡಿದ. ಅವನ ಹೆಂಡತಿ ಆಗಲೇ ಬಾಗಿಲಲ್ಲಿ ಗಂಟು ಕಟ್ಟಿಕೊಂಡು, ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಗಂಡನನ್ನು ಏನೂ ಕೇಳದೆ ನೇರ ನಡೆದು ಬಸ್ಸು ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬಳು. ಹೆಂಗಸರೆಲ್ಲ ಹತ್ತಿದ ಮೇಲೆ ಗಂಡಸರು ಗೊಣಗುತ್ತ ಹತ್ತಿದರು. ಪಾಲ್ ಮಾತ್ರ ಏಳಲಿಲ್ಲ.

"ನೀನೂ ಬಾ" ಎಂದಳು ಸೆಲೀನ್.

"ದೋಣಿಗಳನ್ನು ಯಾರು ಕಟ್ಟಿಹಾಕುತ್ತಾರೆ?"

ಅವನ ಕೈ ಹಿಡಿದು ಎಳೆದಳು. ಅವನು ಮೆಲ್ಲಗೆ ಬಿಡಿಸಿಕೊಂಡ. ಪೊಲೀಸಿನವನಿಗೆ ಹೇಳಿ ಎತ್ತಿಸಬಹುದಿತ್ತು. ನಾನು ಅದನ್ನೇ ಅವಳಿಗೆ ಹೇಳಿದೆ. "ಅಣ್ಣನ ಮ್ಯಾಲೆ ಪೊಲೀಸ್ರ ಕೈ ಹಾಕ್ಸಾಕೆ ನಂಗಾಗಲ್ಲ ಗಿರಿಜಾ" ಎಂದು ವ್ಯಾನು ಹತ್ತಿದಳು.

ಗುಡ್ಡದ ಶಾಲೆ

ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿ ಜನ ತುಂಬಿದ್ದರು. ಆ ಜನರ ಒಂದು ರೂಢಿ ನನಗೆ ವಿಚಿತ್ರವೆನಿಸಿತು. ಭಯವಾದರೆ ನಾವು ಮಾತಾಡುತ್ತೇವೆ, ಅವರು ಹಾಡುತ್ತಾರೆ. ಒಂದು ಕೋಣೆಯಲ್ಲಿ ಶುರುವಾದ ದೇವರ ಹಾಡನ್ನು ಪಕ್ಕದ ಕೋಣೆ ಎತ್ತಿಕೊಳ್ಳುತ್ತಿತ್ತು. ಸೆಲೀನ್ ಹೋದಲ್ಲಿ ಮಾತ್ರ ಹಾಡು ತಗ್ಗುತ್ತಿತ್ತು. ಒಬ್ಬ ಮುದುಕ ಅವಳ ಎದುರಿಗೇ, "ಈ ಸಲ ನನ್ನ ಹಂದಿ ಏನಾದರೂ ಸತ್ತರೆ ನೀನೇ ಕೊಡಬೇಕು" ಎಂದ. ಅವಳು ಹುಬ್ಬು ಏರಿಸಿ ಒಪ್ಪಿಕೊಂಡಳು.

ಮಾರನೆಯ ದಿನ ಗಾಳಿ ಎದ್ದಿತು. ಕಿಟಕಿಗಳು ಬಡಿದುಕೊಂಡವು. ಮಳೆ ಅಡ್ಡಡ್ಡ ಬಂತು. ಫೋನುಗಳು ಸತ್ತುಹೋದವು. ಮನೆಗೆ ನಾನು ಕಳಿಸಿದ್ದ ಕೊನೆಯ ಸಂದೇಶ 'ಗಾಳಿ ಬರುತ್ತಿದೆ, ಹೆದರಬೇಡಿ' ಎಂದು. ಅಷ್ಟು ಹೇಳಿ ಸುಮ್ಮನಾದರೆ ಯಜಮಾನರು ಹೆದರದೆ ಇನ್ನೇನು ಮಾಡುತ್ತಾರೆ! ಅವರು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಟಿವಿ ಹಾಕಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು.

ಸೆಲೀನ್ ಜಗಲಿಯ ಕಂಬಕ್ಕೆ ಒರಗಿ, ಮಳೆಯಲ್ಲಿ ಏನೂ ಕಾಣದ ತಗ್ಗಿನ ಕಡೆ ನೋಡುತ್ತಿದ್ದಳು. ಪಕ್ಕದಲ್ಲಿ ನಿಂತೆ.

"ಗಾಳಿ ಬರಲಿ ಅಂತ ಅನ್ನಿಸ್ತೈತೆ" ಎಂದಳು ಮೆಲ್ಲಗೆ. "ಬಂದ್ರೆ ನಾನು ಹೇಳಿದ್ದು ನಿಜ ಆಗ್ತೈತೆ. ಅಣ್ಣ ಅಲ್ಲೇ ಅದಾನೆ. ಆದ್ರೂ ಹಂಗೆ ಅನ್ನಿಸ್ತು, ಒಂದು ಗಳಿಗೆ. ಎಂಥ ಮನಸ್ಸೇ ಇದು?"

ಅವಳ ತಣ್ಣಗಿನ ಕೈಯನ್ನು ನನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೆ.

ಸಂಜೆಯೊಳಗೆ ಮಳೆ ನಿಂತಿತು. ಮೋಡ ಹರಿದು ಬಿಸಿಲು ಬಿತ್ತು. ಬಿರುಗಾಳಿ ಉತ್ತರಕ್ಕೆ ತಿರುಗಿ, ಜನರೇ ಇಲ್ಲದ ಕಡಲಿನ ಮೇಲೆ ಹಾದುಹೋಗಿತ್ತು. ನಮಗೆ ಬಂದದ್ದು ಅದರ ಅಂಚು ಮಾತ್ರ. ತಗ್ಗಿನ ದಾರಿಯಲ್ಲಿ ಪಾಲ್ ನಡೆದುಕೊಂಡು ಬರುವುದು ಕಂಡಿತು, ಹೆಗಲ ಮೇಲೆ ಒದ್ದೆ ಹಗ್ಗ. ಸೆಲೀನ್ ಓಡಿಹೋದಳು. ಅವನನ್ನು ಮುಟ್ಟಿ ನೋಡಿ, ಆಮೇಲೆ ಅವನ ಎದೆಗೆ ಗುದ್ದಿದಳು.

ಶಾಲೆಯಲ್ಲಿ ಯಾರೋ ಜೋರಾಗಿ 'ಗಾಳಿ ಪ್ರಧಾನಿ' ಎಂದರು. ನಗು ಕೋಣೆಯಿಂದ ಕೋಣೆಗೆ ಹೋಯಿತು, ನಿನ್ನೆಯ ಹಾಡಿನಂತೆಯೇ.

ಶಾಸನಸಭೆ

ವಾರದ ಕೊನೆಗೆ ಮತ ಹಾಕಿದರು. ಜನರ ಗ್ಯಾಲರಿಯ ಮರದ ಬೆಂಚಿನಲ್ಲಿ ಕೂತು ನೋಡಿದೆ. ಅಲ್ಲಿ ಕೂಗಾಟವಿಲ್ಲ, ಕಾಗದ ಹರಿಯುವುದಿಲ್ಲ. ಒಬ್ಬೊಬ್ಬರೂ ಎದ್ದು, ಮೊದಲು ಅವಳ ಒಳ್ಳೆಯತನವನ್ನು ಹೊಗಳಿ, ಆಮೇಲೆ ಅವಳ ವಿರುದ್ಧ ಮಾತಾಡಿ ಕೂತರು. ಅಂದು ಊಟದ ಮೇಜಿನಿಂದ ಎದ್ದುಹೋದ ಹಿರಿಯನೂ ಹಾಗೆಯೇ ಮಾಡಿದ. ಸೆಲೀನ್ ಸೋತಳು.

ಅವಳಿಗೆ ಮಾತಾಡಲು ಅವಕಾಶವಿತ್ತು. ಎದ್ದು, "ಮತ್ತೆ ಹಾಗೇ ಸೂಚನೆ ಬಂದರೆ ಮುಂದಿನವರು ಜನರನ್ನು ಎಬ್ಬಿಸಬೇಕು. ನನಗೆ ಹೀಗಾಯಿತೆಂದು ಸುಮ್ಮನಿರಬಾರದು" ಎಂದಷ್ಟೇ ಹೇಳಿ ಕೂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಸಾಮಾನು ಸಾಗಿಸಲು ಪಾಲ್ ಲಾರಿ ತಂದ. ಫ್ರಿಜ್ಜು, ಪುಸ್ತಕ, ಮಣ್ಣಿನ ಮಾದರಿಗಳ ಸೀಸೆಗಳು. ಎತ್ತಿಡುತ್ತ ನನ್ನ ಹತ್ತಿರ ತನ್ನ ಮುರುಕು ಇಂಗ್ಲಿಷಿನಲ್ಲಿ, "ಎರಡು ಸಲ ಬರಲಿಲ್ಲ. ಮೂರನೆಯ ಸಲ ಬರುತ್ತದೆ. ಆಗ ಎಬ್ಬಿಸುವವರು ಯಾರು?" ಎಂದ. ತಂಗಿಗೆ ಈ ಮಾತು ಹೇಳಿದೆಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಲ್ಲಾಡಿಸಿ ಇನ್ನೊಂದು ಪೆಟ್ಟಿಗೆ ಎತ್ತಿಕೊಂಡ.

ನನ್ನನ್ನು ವಿಮಾನಕ್ಕೆ ಬಿಡಲು ಅವಳು ಅದೇ ಲಾರಿಯಲ್ಲಿ ಬಂದಳು. ಆಕಾಶ ಸ್ವಚ್ಛವಾಗಿತ್ತು. ವಿಮಾನ ಮೇಲೇರುವಾಗ ಎಂದಿನಂತೆ ಕಣ್ಣು ಮುಚ್ಚಿ ಕುಳಿತೆ. ಈ ಸಲದ ಭಯ ನನ್ನ ಬಗ್ಗೆ ಆಗಿರಲಿಲ್ಲ. ಕೆಳಗೆ ಉಳಿದವರ ಬಗ್ಗೆ ಆಗಿತ್ತು.

ಹೊನ್ನಾಳಿ

ಪ್ರವಾಸದ ಮಾತು ಇಲ್ಲಿಗೆ ಮುಗಿಯಬೇಕು. ಆದರೆ ಆ ಮಳೆಗಾಲದಲ್ಲಿ ನಡೆದದ್ದನ್ನೂ ಹೇಳದಿದ್ದರೆ ನಾನು ಹೋಗಿಬಂದದ್ದು ಪೂರ್ತಿಯಾಗುವುದಿಲ್ಲ.

ಹೊಳೆಯ ಮೇಲಿನ ಸೀಮೆಯಲ್ಲಿ ಮಳೆ ಜೋರಾಗಿ, ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ ಏರುತ್ತಿತ್ತು. ಮೈಕು ಕಟ್ಟಿದ ಆಟೋ ಹೊಳೆದಂಡೆಯ ಬೀದಿಯಲ್ಲಿ ಮನೆ ಖಾಲಿ ಮಾಡಿ ಎಂದು ಎರಡು ಸಲ ಕೂಗಿ ಹೋಯಿತು. ಯಾರೂ ಏಳಲಿಲ್ಲ. ನಮ್ಮ ಮನೆ ಮೇಲಿನ ಬೀದಿಯಲ್ಲಿದೆ, ನನಗೇನೂ ಭಯವಿಲ್ಲ. ಬೇರೆ ವರ್ಷವಾಗಿದ್ದರೆ ಕಿಟಕಿಯಿಂದ ನೋಡಿ ದೇವರಿಗೆ ಕೈಮುಗಿದು ಸುಮ್ಮನಿರುತ್ತಿದ್ದೆ. ಅಂದು ಕೊಡೆ ಹಿಡಿದು ಕೆಳಗಿಳಿದು ಮೊದಲ ಬಾಗಿಲು ತಟ್ಟಿದೆ.

ಅದು ಹಾಲಮ್ಮನ ಮನೆ. ರೊಟ್ಟಿ ಬಡಿದು ಮಾರುವ ಗಟ್ಟಿ ಹೆಂಗಸು. "ಎಲ್ಲಿಗೆ ಹೋಗನ್ರೀ ಅಕ್ಕಾ? ವರ್ಷ ವರ್ಷಾನೂ ಹಿಂಗೇ ಕೂಗ್ತಾರೆ. ನೀರು ಬರ್ತೈತೆ ಅಂತ ನಿಮಗೆ ಗೊತ್ತೈತಾ?"

"ಗೊತ್ತಿಲ್ಲ ಹಾಲಮ್ಮಾ" ಎಂದೆ. "ಆದ್ರೂ ಏಳ್ರಿ. ನಮ್ಮ ಮನ್ಯಾಗೆ ಒಲೆ ಐತೆ, ಹಿಟ್ಟು ತಗಂಡು ಬರ್ರಿ. ರೊಟ್ಟಿ ಅಲ್ಲೇ ಬಡೀರಂತೆ."

ನಾನು ಅವಳ ಬಾಗಿಲಿನಿಂದ ಅಲುಗಲಿಲ್ಲ. ಕೊನೆಗೆ ಬೈಯುತ್ತಲೇ ಹಿಟ್ಟಿನ ಡಬ್ಬ ಎತ್ತಿಕೊಂಡಳು. ಅವಳು ಎದ್ದದ್ದು ಕಂಡು ಆ ಸಾಲಿನವರೆಲ್ಲ ಎದ್ದರು. ಯಜಮಾನರು ಪಡಸಾಲೆಯ ಗೊಬ್ಬರದ ಚೀಲಗಳನ್ನು ಒಂದು ಮೂಲೆಗೆ ಒಟ್ಟಿ ಜಾಗ ಮಾಡಿಕೊಟ್ಟರು.

ಹೊಳೆ ಅವರ ಹೊಸ್ತಿಲವರೆಗೆ ಬಂದು, ಒಳಗೆ ಬಾರದೆ ಇಳಿದುಹೋಯಿತು. ಮರುದಿನ ಬೆಳಿಗ್ಗೆ ಹಾಲಮ್ಮ ಬೀದಿಯವರೆಲ್ಲರ ಮುಂದೆ, "ಸುಮ್ಸುಮ್ನೆ ಎಬ್ಬಿಸಿಬಿಟ್ರಿ. ಒಂದು ದಿನದ ವ್ಯಾಪಾರ ಹಾಳಾತು" ಎಂದು ನನಗೆ ಚೆನ್ನಾಗಿ ಅಂದಳು. ಉಳಿದವರೂ ದನಿಗೂಡಿಸಿದರು. ನಾನು ಅಳುಮುಖ ಮಾಡಿಕೊಂಡು ಒಳಗೆ ಬಂದು ಸೆಲೀನಳಿಗೆ ಫೋನ್ ಮಾಡಿದೆ. ಅವಳು ಈಗ ಅಣ್ಣನ ಮನೆಯಲ್ಲಿದ್ದುಕೊಂಡು ಮತ್ತೆ ಬಾವಿಯ ನೀರು ಅಳೆಯುತ್ತಿದ್ದಾಳೆ.

"ನೀರು ಬರಲಿಲ್ಲ ಕಣೇ" ಎಂದೆ.

"ಬೈಸ್ಕೊಂಡ್ಯಾ?"

"ಬೀದಿ ಪೂರ್ತಿ ಬೈತು."

ಅವಳು ನಕ್ಕಳು. ಕುರ್ಚಿ ಹೋದ ಮೇಲೆ ಅವಳು ನಕ್ಕದ್ದನ್ನು ಕೇಳಿದ್ದು ಅದೇ ಮೊದಲು.

"ಬೈಯಾಕೆ ಎಲ್ರೂ ಅದಾರಲ್ಲ ಗಿರಿಜಾ" ಎಂದಳು. "ಮತ್ತಿನ್ನೇನು ಬೇಕು ನಿಂಗೆ?"